ಸೂಟಿ ಅಂದ್ರೆ ಸೂಟಲ್ಲ: ನಮ್ಮ ಕನ್ನಡ ಮತ್ತು ಫೋನಿನ ಕಿವಿ

ನಾನು ಪುಣೆ ಹತ್ತಿರದ ರಾಂಜಣಗಾಂವ ಎಂಐಡಿಸಿಯಲ್ಲಿ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆಯೋ ಕೆಲಸ ಮಾಡ್ತೀನಿ. ಇಲ್ಲಿ ಲೈನ್ ಮೇಲೆ ಮರಾಠಿ, ಹಿಂದಿ ಜೊತೆ ವಿಜಯಪುರ, ಕಲಬುರಗಿ ಕಡೆಯ ಕನ್ನಡವೂ ಕೇಳಿಸುತ್ತೆ.

ಒಬ್ಬ ಆಪರೇಟರ್ ಫೋನಿಗೆ ಹೇಳಿದ್ರು: "ನಾಳೆ ಸೂಟಿ ಐತಿ, ಊರಿಗೆ ಹೊಂಟೇನಿ." ಪರದೆ ಮೇಲೆ ಬಂದದ್ದು: "ನಾಳೆ ಸೂಟು ಇದೆ, ಊರಿಗೆ ಹೊಟ್ಟೆ ನೀ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದನ್ನೇ ಹಿಂದಿಯಲ್ಲಿ ಹೇಳಿದ್ರು, ಒಂದೇ ಸಲಕ್ಕೆ ಸರಿ ಬಂತು. ಆಮೇಲೆ ಆ ಮನುಷ್ಯ ಫೋನಿಗೆ ಕನ್ನಡ ಮಾತಾಡಲೇ ಇಲ್ಲ. ಮಷಿನ್ ಕಲಿಯಲಿಲ್ಲ, ಅವರು ಕಲಿತುಬಿಟ್ರು.

ಯಾಕೆ ಹೀಗೆ? ಧ್ವನಿ ಕೇಳಿಸಿಕೊಂಡ ಮೇಲೆ ಮಾಡೆಲ್ ಒಂದು ಊಹೆ ಮಾಡುತ್ತೆ, ಈ ಸದ್ದಿಗೆ ಯಾವ ಪದ ಇರಬಹುದು ಅಂತ. ಆ ಊಹೆ ಬರೋದು ಅದು ಈ ಮೊದಲು ನೋಡಿರೋ ಬರಹದಿಂದ. ಪತ್ರಿಕೆಯಲ್ಲಿ, ಪಠ್ಯದಲ್ಲಿ "ಇದೆ" ಸಾವಿರ ಸಲ ಸಿಗುತ್ತೆ, "ಐತಿ" ಅಪರೂಪ. 2022ರಲ್ಲಿ ಬಂದ ವಿಸ್ಪರ್ ಮಾಡೆಲ್‌ಗೆ ಒಟ್ಟು 6.8 ಲಕ್ಷ ಗಂಟೆ ಧ್ವನಿ ಕೊಟ್ಟಿದ್ರು. ಅದರಲ್ಲಿ ಕನ್ನಡದಲ್ಲೇ ಬರಹ ಇದ್ದ ಕನ್ನಡ ಧ್ವನಿ ಐದು ಗಂಟೆಗೂ ಕಡಿಮೆ. ಅಷ್ಟರಲ್ಲಿ ಮಂಗಳೂರು ಎಲ್ಲಿ, ಬೀದರ್ ಎಲ್ಲಿ!

ಬೆಂಗಳೂರಿನ ಐಐಎಸ್‌ಸಿ, ಗೂಗಲ್ ಸೇರಿ ನಡೆಸ್ತಿರೋ 'ವಾಣಿ' ಯೋಜನೆಯ ದಾರಿ ನನಗೆ ಹಿಡಿಸಿತು. ಅವರು ಭಾಷೆ ಹಿಡಿದು ಹೋಗಲಿಲ್ಲ, ಜಿಲ್ಲೆ ಹಿಡಿದು ಹೋದರು. ಜನರ ಮುಂದೆ ಚಿತ್ರ ಇಟ್ಟು "ಇದರ ಬಗ್ಗೆ ಮಾತಾಡಿ" ಅಂತಾರೆ. ಓದೋಕೆ ಕೊಟ್ರೆ ನಾವೆಲ್ಲ ವಾರ್ತೆ ಓದೋರ ಥರ ಆಗ್ತೀವಲ್ಲ, ಆ ತಾಪತ್ರಯ ಇಲ್ಲ. ವಿಜಯಪುರ, ಕಲಬುರಗಿಯ ಧ್ವನಿಯೂ ಅದರಲ್ಲಿದೆ.

ಆದರೂ ಒಂದು ಜಗಳ ಉಳಿಯುತ್ತೆ. "ಹೊಂಟೇನಿ" ಅಂದದ್ದನ್ನ "ಹೊರಟಿದ್ದೇನೆ" ಅಂತ ಬರೆದ್ರೆ ಅದು ಸರಿಯೋ ತಪ್ಪೋ? ಹುಡುಕಾಟಕ್ಕೆ ಎರಡನೆಯದು ಅನುಕೂಲ. ಆದ್ರೆ ಅವ್ವನಿಗೆ ಕಳಿಸೋ ಮೆಸೇಜಿನಲ್ಲಿ ಮಗನ ಮಾತನ್ನ ತಿದ್ದೋಕೆ ಫೋನ್ ಯಾರು? ಹೇಳಿದ್ದನ್ನ ಹಾಗೇ ಬರೀಬೇಕು, ಅರ್ಥ ಒಳಗೆ ಇಟ್ಟುಕೊಳ್ಳಲಿ ಅನ್ನೋದು ನನ್ನ ಪಕ್ಷ.

ಈಗ ನಮ್ಮಲ್ಲಿ ಮಷಿನ್ ನಿಂತ ಕಾರಣವನ್ನ ಬಾಯಲ್ಲೇ ಹೇಳಿ ದಾಖಲಿಸೋ ವ್ಯವಸ್ಥೆ ಮಾಡ್ತಿದ್ದೀವಿ. "ಬೆಲ್ಟ್ ಹರದೈತಿ" ಅನ್ನೋದು ತಪ್ಪಾಗಿ ದಾಖಲಾದ್ರೆ ರಿಪೇರಿಯವರು ಬೇರೆ ಸಾಮಾನು ಹಿಡ್ಕೊಂಡು ಬರ್ತಾರೆ, ಬೈಸಿಕೊಳ್ಳೋದು ಆಪರೇಟರ್. ಅದಕ್ಕೇ ಪರೀಕ್ಷೆಗೆ ಆಫೀಸಿನವರ ಧ್ವನಿ ಬೇಡ ಅಂದಿದ್ದೀನಿ. ರಾತ್ರಿ ಪಾಳಿಯವರೇ ಮಾತಾಡ್ತಾರೆ, ಪಕ್ಕದಲ್ಲಿ ಪ್ರೆಸ್ ಓಡ್ತಿರುವಾಗ.