ಅದಿರಿನ ಜಾತಿ ತಿಳಿದರೆ ಊರಿನ ಪಾಲು ತಿಳಿಯುತ್ತದೆ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಸಭೆಯಲ್ಲಿ ಅದಿರಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಸಂಡೂರು ಗುಡ್ಡದ ಮಗ್ಗುಲಲ್ಲಿ ಬದುಕುವ ನಮಗೆ ಎರೆ ಯಾವುದು, ಮಸಾರಿ ಯಾವುದು ಅಂತ ಗೊತ್ತು. ಹಾಗೆಯೇ ನಮ್ಮ ರಸ್ತೆಯಲ್ಲಿ ಹೋಗುವ ಅದಿರು ಎಂಥದ್ದು ಅಂತಲೂ ಗೊತ್ತಿರಬೇಕು.

ಕಬ್ಬಿಣದ ಅದಿರಿನಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದು ಹೆಮಟೈಟ್. ನಮ್ಮ ಗುಡ್ಡದಲ್ಲಿ ಹೆಚ್ಚಾಗಿರುವುದು ಇದೇ. ಶುದ್ಧವಾಗಿದ್ದರೆ ಶೇ. 70ರಷ್ಟು ಕಬ್ಬಿಣ. ಎರಡನೆಯದು ಮ್ಯಾಗ್ನಟೈಟ್. ಇದರಲ್ಲಿ ಶೇ. 72ರಷ್ಟು, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆದದ್ದು ಇದನ್ನೇ. ಅಲ್ಲಿಯ ಕಲ್ಲಿನಲ್ಲಿ ಕಬ್ಬಿಣ ಕಡಿಮೆ ಇದ್ದುದರಿಂದ ಅರೆದು, ಬೇರ್ಪಡಿಸಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಮೂರನೆಯದು ಗೋಥೈಟ್, ಲಿಮೊನೈಟ್. ನೀರಿನಂಶ ಸೇರಿದ ಹಳದಿ ಅದಿರು, ಕಬ್ಬಿಣ ಕಡಿಮೆ.

ಗುರುತಿಸುವುದು ಕಷ್ಟವಲ್ಲ ನೋಡ್ರಿ. ಹೊಳಪಿಲ್ಲದ ಟೈಲ್ಸಿನ ಹಿಂಬದಿಗೆ ಕಲ್ಲನ್ನು ಉಜ್ಜಿರಿ. ಕಲ್ಲು ಕಪ್ಪಗೆ ಕಂಡರೂ ಗೆರೆ ಕೆಂಪಾದರೆ ಹೆಮಟೈಟ್, ಕಪ್ಪಾದರೆ ಮ್ಯಾಗ್ನಟೈಟ್, ಹಳದಿ-ಕಂದಾದರೆ ಗೋಥೈಟ್. ಆದರೆ ಇದರಿಂದ ಜಾತಿ ತಿಳಿಯುತ್ತದೆಯೇ ಹೊರತು ದರ್ಜೆ ತಿಳಿಯುವುದಿಲ್ಲ. ದರ್ಜೆಗೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಗಣಿಯವರು ಮತ್ತೆ ಎರಡು ರೀತಿ ವಿಂಗಡಿಸುತ್ತಾರೆ. 10 ಮಿಲಿಮೀಟರಿಗಿಂತ ದಪ್ಪನೆಯದು ಉಂಡೆ ಅದಿರು, ಸಣ್ಣದು ಪುಡಿ ಅದಿರು. ಹಿಟ್ಟಿನಂತೆ ಉದುರುವ ಬ್ಲೂ ಡಸ್ಟ್ ನೋಡಲಿಕ್ಕೆ ಮಣ್ಣಿನಂತಿದ್ದರೂ ಕಬ್ಬಿಣದಲ್ಲಿ ಶ್ರೀಮಂತ. ಇನ್ನು ಕಬ್ಬಿಣದ ಅಂಶದ ಮೇಲೆ ಶೇ. 55ರಿಂದ 58, 58ರಿಂದ 60, 60ರಿಂದ 62, 62ರಿಂದ 65, ಅದಕ್ಕೂ ಮೇಲೆ ಅಂತ ದರ್ಜೆಗಳು.

ಈ ದರ್ಜೆಯೇ ನಮ್ಮ ಹೊಟ್ಟೆಗೆ ಸಂಬಂಧಿಸಿದ್ದು. ಆಯಾ ದರ್ಜೆಯ ಸರಾಸರಿ ಮಾರಾಟ ಬೆಲೆಯ ಮೇಲೆ 2014ರಿಂದ ಶೇ. 15 ರಾಜಧನ. 2015ರ ಕಾನೂನು ತಿದ್ದುಪಡಿಯ ನಂತರ, ಹಳೆಯ ಗುತ್ತಿಗೆಯಾದರೆ ಆ ರಾಜಧನದ ಶೇ. 30ರಷ್ಟು, ಹರಾಜಿನ ಗುತ್ತಿಗೆಯಾದರೆ ಶೇ. 10ರಷ್ಟು ಹಣವನ್ನು ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬೇರೆಯಾಗಿ ಕಟ್ಟಬೇಕು. ಅದು ಗಣಿಬಾಧಿತ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಇರುವ ಹಣ.

ಒಂದು ಲೆಕ್ಕ ಹಾಕೋಣ. ಮೇಲಿನ ದರ್ಜೆಯ ಅದಿರನ್ನು ಕೆಳಗಿನದು ಅಂತ ಬರೆದು, ಟನ್ನಿಗೆ 500 ರೂಪಾಯಿ ಬೆಲೆ ಕಡಿಮೆ ತೋರಿಸಿದರು ಅಂತ ಇಟ್ಟುಕೊಳ್ಳಿ. ರಾಜಧನ 75 ರೂಪಾಯಿ ತಪ್ಪಿತು. ಹಳೆಯ ಗುತ್ತಿಗೆಯಾದರೆ ಪ್ರತಿಷ್ಠಾನಕ್ಕೆ 22 ರೂಪಾಯಿ 50 ಪೈಸೆ ತಪ್ಪಿತು. ಒಂದು ಲಕ್ಷ ಟನ್ನಿಗೆ 22 ಲಕ್ಷ 50 ಸಾವಿರ! ಧೂಳು ಮಾತ್ರ ನಮ್ಮ ಮೆಣಸಿನ ಗಿಡದ ಮೇಲೆ ಅಷ್ಟೇ ಕೂರುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ.

ನಮ್ಮ ಸಂಘದಲ್ಲಿ ಹಾಲಿರಲಿ, ಕಾಳಿರಲಿ, ತೂಕ ಮತ್ತು ಗುಣಮಟ್ಟವನ್ನು ಸದಸ್ಯರ ಕಣ್ಣೆದುರಿಗೇ ನೋಡುವುದು ಪದ್ಧತಿ. ಗುಡ್ಡದ ಸಂಪತ್ತಿಗೂ ಅದೇ ಪದ್ಧತಿ ಬರಲಿ. ಎಷ್ಟು ಟನ್ನು ಹೋಯಿತು, ಯಾವ ದರ್ಜೆ, ನಮ್ಮೂರಿಗೆ ಎಷ್ಟು ಬಂತು, ಈ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳೋಣ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಇದು ಯಾರ ಮೇಲಿನ ದ್ವೇಷವೂ ಅಲ್ಲ. ನಮ್ಮ ಹುಡುಗರೂ ಅದೇ ಗಣಿಯಲ್ಲಿ ಟಿಪ್ಪರ್ ಓಡಿಸಿ ಮನೆ ನಡೆಸುತ್ತಿದ್ದಾರೆ. ಬೆಳೆಯನ್ನು ಮರುವರ್ಷ ಮತ್ತೆ ಬೆಳೆಯಬಹುದು, ಅದಿರು ಒಮ್ಮೆ ಹೋದರೆ ಹೋಯಿತು. ಅದಕ್ಕೇ ಲೆಕ್ಕ ಬೇಕು.