ಆಟಕ್ಕೂ ಅಧಿಕಾರ ಬೇಕು



ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಹಿಂದಿನ ಪಂಡಿತರು ನಾಲ್ಕು ಸಂಗತಿಗಳನ್ನು ಮೊದಲು ಹೇಳುತ್ತಿದ್ದರು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇವುಗಳಲ್ಲಿ ಅಧಿಕಾರಿಯೇ ಮೊದಲು. ಯಾರ ಮನಸ್ಸು ಇದಕ್ಕೆ ಪಕ್ವವಾಗಿದೆ ಎಂಬುದೇ ಮೊದಲ ಪ್ರಶ್ನೆ.

ಈಗ ನಿಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನ ಆಟಕ್ಕೂ ಇದೇ ಪ್ರಶ್ನೆ ಉಂಟು. ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೆ 3, 7, 12, 16, 18 ಇವುಗಳಲ್ಲಿ ಒಂದು ಅಂಕಿ ಇರುತ್ತದೆ. ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದೀರಿ? ಅದು ಬೆಲೆಯಲ್ಲ, ಬಹುಮಾನವಲ್ಲ. ಅದಕ್ಕಿಂತ ಚಿಕ್ಕವರಿಗೆ ಈ ಆಟ ಸಲ್ಲದೆಂಬ ಸೂಚನೆ.

ಈ ಪದ್ಧತಿ ಹುಟ್ಟಿದ ಬಗೆಯನ್ನು ತಿಳಿಯಬೇಕು. 1993ರಲ್ಲಿ ಅಮೆರಿಕದ ಸೆನೆಟ್ ಸಭೆಯು ಮಾರ್ಟಲ್ ಕಾಂಬ್ಯಾಟ್ ಮುಂತಾದ ಆಟಗಳ ರಕ್ತಪಾತವನ್ನು ಕುರಿತು ವಿಚಾರಣೆ ನಡೆಸಿತು. ಸರ್ಕಾರ ಕಾನೂನು ತರುವ ಮೊದಲೇ ತಯಾರಕರು 1994ರಲ್ಲಿ ಇ.ಎಸ್.ಆರ್.ಬಿ. ಎಂಬ ಮಂಡಲಿಯನ್ನು ಕಟ್ಟಿಕೊಂಡರು. ಯುರೋಪಿನಲ್ಲಿ 2003ರಲ್ಲಿ ಪೆಗಿ ಬಂದಿತು. ಹಿಂಸೆಯ ಆಟಗಳನ್ನು ಚಿಕ್ಕವರಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯವು 2005ರಲ್ಲಿ ಕಾನೂನು ಮಾಡಿತು. ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ಹಾಗಲ್ಲ. 12, 16, 18ರ ಆಟಗಳನ್ನು ಅಂಗಡಿಯವನು ಆ ವಯಸ್ಸು ತುಂಬದವರಿಗೆ ಮಾರುವುದು 2012ರಿಂದ ಅಪರಾಧ. ಆದರೆ ತಂದೆಯೇ ಕೊಂಡುತಂದು ಮಗನ ಕೈಗಿತ್ತರೆ ಯಾವ ಕಾನೂನು ತಡೆದೀತು? ಕಾನೂನು ಅಂಗಡಿಯ ಬಾಗಿಲವರೆಗೆ ಬರುತ್ತದೆ. ಮನೆಯ ಹೊಸ್ತಿಲಿನ ಒಳಗೆ ಹೊಣೆ ನಿಮ್ಮದು.

ಅಂಕಿಯೂ ಪೂರ್ಣಪ್ರಮಾಣವಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ಆಟದ ಸ್ಯಾನ್ ಆಂಡ್ರಿಯಾಸ್ ಭಾಗದಲ್ಲಿ ಅಶ್ಲೀಲ ದೃಶ್ಯವೊಂದು ಅಡಗಿತ್ತು. ಅದು ಬೆಳಕಿಗೆ ಬಂದ ಮೇಲೆ 2005ರಲ್ಲಿ 17ರ ಅಂಕಿಯನ್ನು 18ಕ್ಕೆ ಏರಿಸಬೇಕಾಯಿತು. ಮೊಬೈಲಿನ ಆಟಗಳಿಗಂತೂ ತಯಾರಕನೇ ಪ್ರಶ್ನಾವಳಿಗೆ ಉತ್ತರ ಬರೆಯುತ್ತಾನೆ. ಆ ಉತ್ತರದಿಂದ ಅಂಕಿ ಬರುತ್ತದೆ. ಆಟದ ನಡುವೆ ಅಪರಿಚಿತನೊಬ್ಬನು ನಿಮ್ಮ ಮಗುವಿನೊಡನೆ ಏನು ಮಾತಾಡುವನೆಂಬುದನ್ನು ಯಾವ ಅಂಕಿ ಹೇಳಬಲ್ಲುದು?

ರೈತನು ಜಾತ್ರೆಯಲ್ಲಿ ಹೋರಿಯನ್ನು ಕೊಳ್ಳುವಾಗ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ. ಹಲ್ಲು ವಯಸ್ಸನ್ನು ಹೇಳುತ್ತದೆ. ಅಷ್ಟಕ್ಕೇ ಅವನು ನೊಗ ಹೂಡುವುದಿಲ್ಲ. ನಡೆಸಿ ನೋಡುತ್ತಾನೆ, ಹೆಗಲು ಮುಟ್ಟಿ ನೋಡುತ್ತಾನೆ. ಹೋರಿಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು, ಮಗು ಅಳುತ್ತದೆಂದು ಅಂಕಿಯನ್ನೂ ನೋಡದೆ ಮೊಬೈಲು ಕೊಡುವುದು ಸರಿಯೆ? ಹನ್ನೆರಡು ತುಂಬಿದ ಇಬ್ಬರು ಮಕ್ಕಳಲ್ಲಿ ಒಬ್ಬನು ಆಟವನ್ನು ಆಟವೆಂದೇ ಬಿಟ್ಟೇಳುತ್ತಾನೆ. ಇನ್ನೊಬ್ಬನು ರಾತ್ರಿ ಬೆಚ್ಚಿಬೀಳುತ್ತಾನೆ. ಈ ಭೇದವನ್ನು ಹೆತ್ತವರು ಮಾತ್ರ ಬಲ್ಲರು.

ಆಟವೆಲ್ಲ ವಿಷವೆಂದು ನಾವು ಹೇಳುವುದಿಲ್ಲ. ಮೊದಲು ಅಂಕಿಯನ್ನು ನೋಡಿರಿ. ಪ್ಲೇ ಸ್ಟೋರಿಗೆ ವಯಸ್ಸಿನ ಮಿತಿಯ ಬೀಗ ಹಾಕಲು ಬರುತ್ತದೆ, ಹಾಕಿರಿ. ಬಳಿಕ ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು ಆ ಆಟವನ್ನು ನೀವೂ ನೋಡಿರಿ. ಬೇಡವೆನ್ನುವಾಗ ಕಾರಣವನ್ನು ಹೇಳಿರಿ. ಅಧಿಕಾರವಿಲ್ಲವೆಂದರೆ ಎಂದೆಂದಿಗೂ ಇಲ್ಲವೆಂದಲ್ಲ, ಇನ್ನೂ ಬಂದಿಲ್ಲವೆಂದು ಅರ್ಥ. ಹಾಗೆ ತಿಳಿಸಿ ಹೇಳಿದರೆ ಮಗುವು ಕದ್ದು ಆಡುವುದಕ್ಕಿಂತ ಕಾಯುವುದನ್ನು ಕಲಿಯುತ್ತದೆ.

ನಿಮ್ಮ ಮನೆಗಳಲ್ಲಿ ಇಂತಹ ಎಚ್ಚರವೂ ಇಂತಹ ವಾತ್ಸಲ್ಯವೂ ಒಟ್ಟಿಗೆ ನೆಲೆಸಲೆಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.