ಫುಟ್ಸ್‌ಕ್ರೇಯ ಹುಡುಗಿ, ಮೆದುಳಿನ ಹೆಡ್‌ಸೆಟ್ ಮತ್ತು ನಮ್ಮಪ್ಪ



ಸಾಧಕರೊಬ್ಬರ ಬಗ್ಗೆ ಮಾತಾಡು ಅಂತ ಟೀಚರ್ ಹೇಳಿದಾಗ ಅಪ್ಪ ತಕ್ಷಣ "ಸರ್ ಎಂ. ವಿಶ್ವೇಶ್ವರಯ್ಯ" ಅಂದರು. ಅವರ ಬಗ್ಗೆ ಈ ಶಾಲೆಯಲ್ಲಿ ನಾನೇ ಎರಡು ಸಲ ಭಾಷಣ ಮಾಡಿದ್ದೇನೆ. ಅದಕ್ಕೇ ಇವತ್ತು ತಾನ್ ಲೆ ಅವರನ್ನು ಆರಿಸಿಕೊಂಡೆ.

ಟಾರ್ನೀಟ್‌ನಿಂದ ಸಿಟಿಗೆ ರೈಲಿನಲ್ಲಿ ಹೋಗುವಾಗ ಫುಟ್ಸ್‌ಕ್ರೇ ಸಿಗುತ್ತದಲ್ಲ, ತಾನ್ ಲೆ ಬೆಳೆದದ್ದು ಅಲ್ಲಿ. ಹುಟ್ಟಿದ್ದು 1977ರಲ್ಲಿ, ವಿಯೆಟ್ನಾಂನಲ್ಲಿ. ನಾಲ್ಕು ವರ್ಷದವರಿದ್ದಾಗ ಅಮ್ಮ, ಅಜ್ಜಿ, ತಂಗಿಯ ಜೊತೆ ದೋಣಿಯಲ್ಲಿ ದೇಶ ಬಿಟ್ಟರು. ಕಡಲ್ಗಳ್ಳರ ಕೈಗೆ ಸಿಕ್ಕಿದರೆ ಎಲ್ಲರೂ ಕುಡಿಯಲೆಂದು ಅಮ್ಮ ಒಂದು ಸಣ್ಣ ಬಾಟಲಿಯಲ್ಲಿ ವಿಷ ಇಟ್ಟುಕೊಂಡಿದ್ದರಂತೆ. ಒಂದು ಬ್ರಿಟಿಷ್ ತೈಲ ಹಡಗು ಅವರನ್ನು ಕಾಪಾಡಿತು. ನಾನೂ ಇಲ್ಲಿಗೆ ಬಂದಾಗ ನನಗೆ ನಾಲ್ಕೇ ವರ್ಷ. ಆದರೆ ನಾವು ಬಂದದ್ದು ವಿಮಾನದಲ್ಲಿ, ನಮ್ಮಮ್ಮ ಇಟ್ಟುಕೊಂಡಿದ್ದು ಸಾರಿನಪುಡಿ.

ಮೆಲ್ಬರ್ನ್‌ನಲ್ಲಿ ಅವರಮ್ಮ ಮೊದಲು ತೋಟಗಳಲ್ಲಿ, ಆಮೇಲೆ ಕಾರ್ ಕಾರ್ಖಾನೆಯಲ್ಲಿ ವಾರಕ್ಕೆ ಆರು ದಿನ, ಎರಡೆರಡು ಪಾಳಿ ದುಡಿದರು. ಮಕ್ಕಳ ಬಟ್ಟೆ ಸೆಕೆಂಡ್‌ಹ್ಯಾಂಡ್. ಆದರೆ ಇಂಗ್ಲಿಷ್ ಮತ್ತು ಮ್ಯಾಥ್ಸ್ ಟ್ಯೂಷನ್ ದುಡ್ಡು ಮಾತ್ರ ತಪ್ಪುತ್ತಿರಲಿಲ್ಲ. (ಇಲ್ಲಿ ಕೂತಿರುವ ಅಮ್ಮಂದಿರು ತಲೆ ಆಡಿಸುತ್ತಿರುವುದು ಕಾಣಿಸುತ್ತಿದೆ.) ತಾನ್ ಲೆ ಹದಿನಾರಕ್ಕೇ ಮೊನಾಶ್ ವಿಶ್ವವಿದ್ಯಾಲಯ ಸೇರಿ ಕಾನೂನು, ಕಾಮರ್ಸ್ ಓದಿದರು. 1998ರಲ್ಲಿ ವರ್ಷದ ಯುವ ಆಸ್ಟ್ರೇಲಿಯನ್ ಪ್ರಶಸ್ತಿ ಬಂತು. ಒಳ್ಳೆಯ ವಕೀಲಿ ಕೆಲಸ ಇತ್ತು. ಅದನ್ನು ಬಿಟ್ಟರು!

ಬಿಟ್ಟು ಕೈಹಾಕಿದ್ದು ತಂತ್ರಜ್ಞಾನಕ್ಕೆ. ಇನ್ನೂ ಕೆಲವರ ಜೊತೆ ಸೇರಿ ಎಮೋಟಿವ್ ಕಂಪನಿ ಕಟ್ಟಿದರು. ಮೆದುಳಿನ ಜೀವಕೋಶಗಳು ಒಟ್ಟಾಗಿ ಕೆಲಸ ಮಾಡುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ನೆತ್ತಿಯ ಮೇಲಿಂದಲೇ ಅಳೆಯಬಹುದು; ಅದೇ ಇಇಜಿ. ಆಸ್ಪತ್ರೆಯಲ್ಲಾದರೆ ತಲೆತುಂಬಾ ವೈರು, ಅಂಟು ಜೆಲ್. ಇವರ ಎಪಾಕ್ ಹೆಡ್‌ಸೆಟ್‌ನಲ್ಲಿ 14 ಸೆನ್ಸರ್, ಉಪ್ಪುನೀರಲ್ಲಿ ನೆನೆಸಿದ ಪ್ಯಾಡ್, ಅಷ್ಟೇ. 2010ರ ಟೆಡ್ ವೇದಿಕೆಯಲ್ಲಿ ಒಬ್ಬರು ಇದನ್ನು ಹಾಕಿಕೊಂಡು, ಬರೀ ಯೋಚನೆಯಿಂದ ಪರದೆಯ ಮೇಲಿನ ಪೆಟ್ಟಿಗೆಯನ್ನು ಹತ್ತಿರ ಎಳೆದರು. ಇದು ಮನಸ್ಸು ಓದುವ ಮಾಯಾಪೆಟ್ಟಿಗೆ ಅಲ್ಲ. ಪ್ರತಿಯೊಬ್ಬರ ಮೆದುಳಿನ ಮಡಿಕೆಗಳು ಬೇರೆ ಬೇರೆ. ಹಾಗಾಗಿ "ಎಳೆ" ಅಂತ ನೀವು ಯೋಚಿಸುವುದು ಹೇಗಿರುತ್ತದೆ ಅಂತ ಯಂತ್ರ ಮೊದಲು ನಿಮ್ಮಿಂದಲೇ ಕಲಿಯಬೇಕು. 2017ರಲ್ಲಿ ಬ್ರೆಜಿಲ್‌ನ ರೋಡ್ರಿಗೋ ಹ್ಯೂಬ್ನರ್ ಮೆಂಡೆಸ್, ಕೈಕಾಲು ಸ್ವಾಧೀನದಲ್ಲಿ ಇಲ್ಲದವರು, ಇವರ ಹೆಡ್‌ಸೆಟ್ ಹಾಕಿಕೊಂಡು ರೇಸ್ ಕಾರು ಓಡಿಸಿದರು. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪಾ, ಇದನ್ನು ಮನೆಯಲ್ಲಿ ಹೇಳಲು ಮೂರು ಸಲ ಪ್ರಯತ್ನಪಟ್ಟೆ. ನನಗೆ ಮೆಡಿಸಿನ್ ಬೇಡ. ನಾನು ಎಂಜಿನಿಯರಿಂಗ್ ಓದಿ ಇಂಥ ಯಂತ್ರ ಮಾಡಬೇಕು. "ಮೆದುಳು ಇಷ್ಟ ಅಂದರೆ ನ್ಯೂರೋಸರ್ಜನ್ ಆಗು" ಅಂತ ನೀವು ಹೇಳುತ್ತೀರಿ, ಗೊತ್ತು. ಎಲ್ಲರ ಮುಂದೆ ಹೇಳುವುದು ಸ್ವಲ್ಪ ಮೋಸವೇ, ಕ್ಷಮಿಸಿ.

ಅಮ್ಮನಿಗೆ ಮಾತ್ರ ಮೊದಲೇ ಎಲ್ಲಾ ಓದಿ ತೋರಿಸಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕಾರ್ಖಾನೆಯಲ್ಲಿ ದುಡಿದ ಆ ಅಮ್ಮ ಆಮೇಲೆ ಏನಾದರು?" ಹುಡುಕಿ ನೋಡಿದೆ. ಆಕೆ ಇಂಗ್ಲಿಷ್ ಕಲಿತು, ಫುಟ್ಸ್‌ಕ್ರೇ ಸೇರಿರುವ ಮರಿಬಿರ್ನಾಂಗ್ ನಗರಸಭೆಗೆ ಮೇಯರ್ ಆದರು. ಹೆಸರು ಮಾಯ್ ಹೋ. ಮುಂದಿನ ವರ್ಷ ಯಾರಾದರೂ ಅವರ ಬಗ್ಗೆ ಮಾತಾಡಿ.